ಗಣಿತಜ್ಞರ ಕಸುಬು

ಲೆಕ್ಕ ಬಲ್ಲವರೆಲ್ಲ ಗಣಿತಜ್ಞರಲ್ಲ. ದಾಂಡೇಲಿಯ ನಾಟಾ ಡಿಪೋದಲ್ಲಿ ದಿಮ್ಮಿ ಅಳೆಯುವವರು, ಹಳಿಯಾಳದ ಸಂತೆಯಲ್ಲಿ ಬಾಯಲ್ಲೇ ದರ ಗುಣಿಸಿ ಚಿಲ್ಲರೆ ಎಣಿಸುವವರು, ಸೂಪಾ ಅಣೆಕಟ್ಟೆಯ ನೀರಿನ ಮಟ್ಟ ನೋಡಿ ಸಂಗ್ರಹ ಎಷ್ಟೆಂದು ಹೇಳುವ ಎಂಜಿನಿಯರುಗಳು ಎಲ್ಲರೂ ದಿನವಿಡೀ ಗಣಿತ ಬಳಸುತ್ತಾರೆ. ಅವರ ಕೈಯಲ್ಲಿರುವ ಸೂತ್ರ ಯಾಕೆ ಸರಿ, ಯಾವ ಷರತ್ತಿನ ಮೇಲೆ ಸರಿ, ಎಲ್ಲಿ ಕೈಕೊಡುತ್ತದೆ ಎಂದು ಕೇಳುತ್ತ, ಯಾರೂ ಅಲ್ಲಗಳೆಯಲಾಗದ ಉತ್ತರ ಹುಡುಕುವುದನ್ನೇ ಕಸುಬು ಮಾಡಿಕೊಂಡವರು ಗಣಿತಜ್ಞರು.

ಈ ಎರಡನ್ನೂ ಜನ ಒಂದೇ ಎಂದುಕೊಳ್ಳುವುದು ಸಹಜ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಅದು ಅಸಾಧಾರಣ ಶಕ್ತಿ. ಆದರೆ ಅಂಥ ಗುಣಾಕಾರದಿಂದ ಗಣಿತಕ್ಕೆ ಹೊಸದೇನೂ ಸೇರುವುದಿಲ್ಲ. ಉತ್ತರ ಮೊದಲೇ ನಿಶ್ಚಿತ, ಅದನ್ನು ತಲುಪಿದ ವೇಗವೊಂದೇ ಹೊಸತು. ಇತ್ತ ಒಳ್ಳೆಯ ಗಣಿತಜ್ಞರಲ್ಲಿ ಹಲವರು ಅಂಗಡಿಯ ಬಿಲ್ಲು ಕೂಡಿಸುವಾಗ ತಡವರಿಸುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡರ ವ್ಯತ್ಯಾಸ ನೋಡಲು ದಿಮ್ಮಿಯ ಲೆಕ್ಕ ಸಾಕು. ಭಾರತದ ಅರಣ್ಯ ಇಲಾಖೆಗಳು ದುಂಡು ನಾಟಾವನ್ನು ಅಳೆಯಲು ಬಹುಕಾಲದಿಂದ ಬಳಸಿಕೊಂಡು ಬಂದ ಸೂತ್ರವೊಂದಿದೆ. ದಿಮ್ಮಿಯ ನಡುವೆ ಟೇಪು ಸುತ್ತಿ ಸುತ್ತಳತೆ ಹಿಡಿಯಬೇಕು, ಅದರ ಕಾಲುಭಾಗವನ್ನು ಅದರಿಂದಲೇ ಗುಣಿಸಬೇಕು, ಬಂದದ್ದನ್ನು ಉದ್ದದಿಂದ ಗುಣಿಸಬೇಕು. ಸುತ್ತಳತೆ 2 ಮೀಟರ್, ಉದ್ದ 5 ಮೀಟರ್ ಇದ್ದರೆ ಕಾಲುಭಾಗ ಅರ್ಧ ಮೀಟರ್. ಅರ್ಧ ಗುಣಿಸು ಅರ್ಧ ಗುಣಿಸು ಐದು, ಒಟ್ಟು 1.25 ಘನಮೀಟರ್. ಡಿಪೋದ ಪುಸ್ತಕದಲ್ಲಿ ಬೀಳುವುದು ಈ ಅಂಕಿ.

ದಿಮ್ಮಿ ನಿಜಕ್ಕೂ ದುಂಡಗಿದ್ದರೆ ಅದರಲ್ಲಿರುವ ಮರ ಇಷ್ಟೇ ಅಲ್ಲ. ವೃತ್ತದ ಸೂತ್ರ ಹಾಕಿದರೆ ಸುಮಾರು 1.59 ಘನಮೀಟರ್ ಬರುತ್ತದೆ. ಅಂದರೆ ಡಿಪೋದ ಲೆಕ್ಕ ನೂರಕ್ಕೆ ಇಪ್ಪತ್ತೊಂದೂವರೆಯಷ್ಟು ಕಡಿಮೆ. ಇದು ಮೋಸವಲ್ಲ. ದುಂಡು ಮರವನ್ನು ಕೊಯ್ದು ಚೌಕ ಮಾಡುವಾಗ ಅಂಚಿನ ಹಲಗೆ, ಹೊಟ್ಟು ಹೋಗಿಯೇ ಹೋಗುತ್ತದೆ. ಸೂತ್ರ ಅದನ್ನು ಮೊದಲೇ ಬಿಟ್ಟುಕೊಟ್ಟಂತೆ ಆಗುತ್ತದೆ. ವ್ಯಾಪಾರಿಗೆ ಇಷ್ಟು ತಿಳಿದರೆ ಹರಾಜು ಕೂಗಬಹುದು.

ಗಣಿತಜ್ಞರ ಕೆಲಸ ಶುರುವಾಗುವುದು ಇದಾದ ಮೇಲೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸುವುದೆಂದರೆ, ಅಷ್ಟೇ ಸುತ್ತಳತೆಯ ಚೌಕದ ಕ್ಷೇತ್ರಫಲ ತೆಗೆದಂತೆ. ಒಂದೇ ಸುತ್ತಳತೆಯಲ್ಲಿ ಚೌಕಕ್ಕಿಂತ ವೃತ್ತ ದೊಡ್ಡದು ಎಂದಾಯಿತು. ಹಾಗಾದರೆ ವೃತ್ತಕ್ಕಿಂತ ದೊಡ್ಡದು ಯಾವುದಾದರೂ ಉಂಟೆ? ಮೊಟ್ಟೆಯಾಕಾರ, ಆರು ಮೂಲೆ, ಇನ್ನೂ ಯಾರೂ ಬರೆಯದ ಯಾವುದೋ ಸೊಟ್ಟ ಆಕಾರ? ಉತ್ತರ ಇಲ್ಲ ಎಂದು ಪ್ರಾಚೀನ ಗ್ರೀಕರಿಗೂ ಅನಿಸಿತ್ತು. ಅನಿಸಿದ್ದನ್ನು ಸಾಧಿಸುವುದು ಮಾತ್ರ ಹತ್ತೊಂಬತ್ತನೇ ಶತಮಾನದವರೆಗೂ ಆಗಲಿಲ್ಲ. 1838ರಲ್ಲಿ ಸ್ವಿಟ್ಜರ್ಲೆಂಡಿನ ಯಾಕೋಬ್ ಸ್ಟೈನರ್ ಸೊಗಸಾದ ವಾದ ಮುಂದಿಟ್ಟ. ವೃತ್ತವಲ್ಲದ ಯಾವ ಆಕಾರ ಕೊಟ್ಟರೂ ಸುತ್ತಳತೆ ಬದಲಿಸದೆ ಅದನ್ನು ಇನ್ನಷ್ಟು ದೊಡ್ಡದು ಮಾಡಬಹುದು ಎಂದು ಆತ ತೋರಿಸಿದ. ಆದ್ದರಿಂದ ವೃತ್ತವೇ ಎಲ್ಲಕ್ಕಿಂತ ದೊಡ್ಡದು ಎಂಬುದು ಆತನ ತೀರ್ಮಾನ.

ಓದಿದವರಿಗೆ ಇದರಲ್ಲಿ ಕುಂದು ಕಾಣುವುದಿಲ್ಲ. ಜರ್ಮನಿಯ ಆಸ್ಕರ್ ಪೆರೋನ್ ಅದೇ ಧಾಟಿಯ ಇನ್ನೊಂದು ವಾದ ಹೂಡಿ ಹುಳುಕು ತೋರಿಸಿದ. 1ನ್ನು ಬಿಟ್ಟು ಯಾವ ಧನ ಪೂರ್ಣಸಂಖ್ಯೆ ಕೊಟ್ಟರೂ ಅದನ್ನು ಅದರಿಂದಲೇ ಗುಣಿಸಿ ಇನ್ನೂ ದೊಡ್ಡದು ಮಾಡಬಹುದು. 1 ಮಾತ್ರ ಹಾಗೆ ಬೆಳೆಯುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ದೊಡ್ಡ ಪೂರ್ಣಸಂಖ್ಯೆ 1! ಎಡವಟ್ಟಾದದ್ದು ಎಲ್ಲಿ ಎಂದರೆ, ಎಲ್ಲಕ್ಕಿಂತ ದೊಡ್ಡದು ಎಂಬುದೊಂದು ಇದ್ದೇ ಇದೆ ಎಂದು ಕೇಳದೆಯೇ ಒಪ್ಪಿಕೊಂಡದ್ದರಲ್ಲಿ. ಸ್ಟೈನರ್ ಕೂಡ ಅದನ್ನೇ ಒಪ್ಪಿಕೊಂಡಿದ್ದ. ಆ ತೆರಪನ್ನು ಮುಂದೆ ಕಾರ್ಲ್ ವೈಯರ್‌ಸ್ಟ್ರಾಸ್ ತುಂಬಿದ ಮೇಲೆಯೇ ಮಾತು ಪ್ರಮೇಯವಾಯಿತು.

ಈ ಪ್ರಮೇಯ ಮತ್ತೆ ಡಿಪೋಗೆ ಬಂದರೆ ಒಂದು ಗಟ್ಟಿ ಮಾತು ಹೇಳುತ್ತದೆ. ಉದ್ದಕ್ಕೂ ಸುತ್ತಳತೆ 2 ಮೀಟರೇ ಇರುವ 5 ಮೀಟರ್ ದಿಮ್ಮಿ ದುಂಡಗಿರಲಿ, ಚಪ್ಪಟೆಯಾಗಿರಲಿ, ಬುಡದಲ್ಲಿ ಏಣು ಬಿಟ್ಟಿರಲಿ, ಅದರಲ್ಲಿ 1.59 ಘನಮೀಟರಿಗಿಂತ ಹೆಚ್ಚು ಮರ ಇರಲು ಸಾಧ್ಯವೇ ಇಲ್ಲ. ಕಡಿಮೆ ಇರಬಹುದು, ಬಹಳ ಕಡಿಮೆಯೂ ಇರಬಹುದು. ಡಿಪೋದ ಸೂತ್ರ ಯಾವಾಗಲೂ ಕಡಿಮೆಯೇ ತೋರಿಸುತ್ತದೆ ಎಂಬ ನಂಬಿಕೆ ದುಂಡಗೋ ಹೆಚ್ಚುಕಡಿಮೆ ದುಂಡಗೋ ಇರುವ ಮರಕ್ಕೆ ಮಾತ್ರ ಸರಿ.

ರೂಢಿಯ ಲೆಕ್ಕ ಬೇರೆ, ನಿಖರ ಲೆಕ್ಕ ಬೇರೆ ಎಂಬ ತಿಳಿವಳಿಕೆ ಕನ್ನಡನಾಡಿಗೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಕ್ಷೇತ್ರಫಲದ ಭಾಗದಲ್ಲಿ ಆತ ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡು ಬಗೆ ಮಾಡುತ್ತಾನೆ. ವ್ಯಾಸದಿಂದ ಪರಿಧಿ ತೆಗೆಯಲು ವ್ಯವಹಾರಕ್ಕೆ 3ರಿಂದ ಗುಣಿಸಿದರೆ ಸಾಕು. ಸೂಕ್ಷ್ಮ ಬೇಕಾದರೆ 10ರ ವರ್ಗಮೂಲದಿಂದ, ಅಂದರೆ ಸುಮಾರು 3.162ರಿಂದ. ಇಂದು ಬಳಸುವ 3.1416ಕ್ಕೆ ಹೋಲಿಸಿದರೆ ಸೂಕ್ಷ್ಮವೂ ಅಷ್ಟೇನೂ ಸೂಕ್ಷ್ಮವಲ್ಲ. ಆದರೆ ಯಾವ ಕೆಲಸಕ್ಕೆ ಎಷ್ಟು ನಿಖರತೆ ಸಾಕು ಎಂದು ಬಿಡಿಸಿ ಹೇಳುವ ಆ ಕ್ರಮ ಅಪ್ಪಟ ಗಣಿತಜ್ಞನದು.

ಮಹಾವೀರನ ಕೀರ್ತಿ ನಿಂತಿರುವುದು ಇನ್ನೊಂದು ಸಾಧನೆಯ ಮೇಲೆ. ಕೆಲವು ವಸ್ತುಗಳಲ್ಲಿ ಇಂತಿಷ್ಟನ್ನು ಆರಿಸುವ ಬಗೆಗಳು ಎಷ್ಟು ಎಂಬುದಕ್ಕೆ ಎಲ್ಲ ಸಂದರ್ಭಕ್ಕೂ ಹೊಂದುವ ಸೂತ್ರ ಕೊಟ್ಟವರಲ್ಲಿ ಆತನೇ ಮೊದಲಿಗ ಎಂದು ಗಣಿತದ ಇತಿಹಾಸಕಾರರು ಹೇಳುತ್ತಾರೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ ಬೆರೆಸಿದರೆ ಎಷ್ಟು ಬಗೆ ಎಂಬಂಥ ಪ್ರಶ್ನೆಗೆ ಅದು ಉತ್ತರ. ಮೂರುಮೂರಾಗಿ 20, ಆರೂ ಸೇರುವವರೆಗೆ ಒಟ್ಟು 63. ಅದೇ ಗ್ರಂಥದಲ್ಲಿ ತಪ್ಪುಗಳೂ ಇವೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಆತ ಬರೆದ. ದೀರ್ಘವೃತ್ತದ ಕ್ಷೇತ್ರಫಲಕ್ಕೆ ಕೊಟ್ಟ ಸೂತ್ರವೂ ನಿಲ್ಲುವುದಿಲ್ಲ. ಸೂತ್ರವನ್ನು ಹೇಳಿ, ಅದು ಬಂದ ದಾರಿಯನ್ನು ಹೇಳದೆ ಬಿಡುವ ಆ ಕಾಲದ ಪದ್ಧತಿಯಲ್ಲಿ ಸರಿಯಾದದ್ದೂ ತಪ್ಪಾದದ್ದೂ ಪಕ್ಕಪಕ್ಕದಲ್ಲಿ ಒಂದೇ ಗತ್ತಿನಿಂದ ಕೂತುಬಿಡುತ್ತವೆ. ಹನ್ನೆರಡನೇ ಶತಮಾನದಲ್ಲಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದವನ್ನು ಬರೆದ ರಾಜಾದಿತ್ಯ ಈ ವಿದ್ಯೆಯನ್ನು ಕನ್ನಡಕ್ಕೆ ತಂದ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಸಾಹಿತ್ಯಚರಿತ್ರೆ ಮೊದಲು ಎಣಿಸುವುದು ಆತನನ್ನೇ.

ಬಂದ ದಾರಿಯನ್ನು ತೋರಿಸುವುದಕ್ಕೆ ಸಾಧನೆ ಎಂದು ಹೆಸರು. ಉದಾಹರಣೆಗಳ ರಾಶಿ ಅದಕ್ಕೆ ಸಮವಲ್ಲ. ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಗಮನಿಸಿದ ಒಂದು ಚಮತ್ಕಾರ ಹೀಗಿದೆ: ಒಂದು ಸಂಖ್ಯೆ ತೆಗೆದುಕೊಂಡು, ಅದರ ವರ್ಗಕ್ಕೆ ಅದನ್ನೇ ಕೂಡಿಸಿ, 41 ಸೇರಿಸಬೇಕು. ಸೊನ್ನೆಗೆ 41, ಒಂದಕ್ಕೆ 43, ಎರಡಕ್ಕೆ 47, ಮೂರಕ್ಕೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರವರೆಗೆ ಒಂದೂ ತಪ್ಪುವುದಿಲ್ಲ. ನಲವತ್ತು ಸಲ ಸರಿಬಂದ ನಿಯಮವನ್ನು ಬೇರೆ ಯಾವ ವ್ಯವಹಾರದಲ್ಲಾದರೂ ಕಣ್ಣುಮುಚ್ಚಿ ನಂಬುತ್ತಾರೆ. 40 ಹಾಕಿದ ಕೂಡಲೇ 1681 ಬರುತ್ತದೆ. ಅದು 41 ಗುಣಿಸು 41. ನಿಯಮ ಬಿತ್ತು. ಒಂದೇ ಒಂದು ಪ್ರತ್ಯುದಾಹರಣೆ ಸಾಕು, ನಲವತ್ತು ಸಾಕ್ಷಿ ಕೂಡಿ ಹೇಳಿದರೂ ಪ್ರಯೋಜನವಿಲ್ಲ.

ಇದಕ್ಕೆ ತೀರ ಹತ್ತಿರದ ಶಿಸ್ತು ಮುಂಡಗೋಡದಲ್ಲಿದೆ. ಅಲ್ಲಿನ ಟಿಬೆಟನ್ ನೆಲೆ 1966ರಲ್ಲಿ ಶುರುವಾದದ್ದು. ಗಾಂದೆನ್ ಮತ್ತು ಡ್ರೆಪುಂಗ್ ವಿಹಾರಗಳು ಊರಿನವರ ಬಾಯಲ್ಲಿ ಲಾಮಾ ಕ್ಯಾಂಪುಗಳು. ವಿಹಾರದ ಅಂಗಳದಲ್ಲಿ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದಕ್ಕಿಳಿಯುತ್ತಾರೆ. ಉತ್ತರ ಕೊಡುವವನು ಕೂತಿರುತ್ತಾನೆ, ಪ್ರಶ್ನಿಸುವವನು ನಿಂತು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಪ್ರವಾಸಿಗರಿಗೆ ಜಗಳದಂತೆ ಕಾಣುವ ಈ ಆಟದ ನಿಯಮ ಬಲು ಬಿಗಿ. ಕೂತವನು ಮನಬಂದಂತೆ ಮಾತಾಡುವಂತಿಲ್ಲ. ಒಪ್ಪಿದೆ ಎನ್ನಬೇಕು, ಇಲ್ಲವೇ ಯಾಕೆ ಎಂದು ಕೇಳಬೇಕು, ಇಲ್ಲವೇ ಕೊಟ್ಟ ಕಾರಣವೇ ಸಿದ್ಧವಾಗಿಲ್ಲ ಎನ್ನಬೇಕು, ಇಲ್ಲವೇ ಕಾರಣ ನಿಜವಾದರೂ ಅದರಿಂದ ಈ ತೀರ್ಮಾನ ಹೊರಡುವುದಿಲ್ಲ ಎನ್ನಬೇಕು. ಚಿಕ್ಕ ವಯಸ್ಸಿನವರು ಕಲಿಯುವ ಮೊದಲ ಪಾಠಗಳಲ್ಲೊಂದು ಬಣ್ಣದ ವಾದ. ಬಣ್ಣವಾದದ್ದೆಲ್ಲ ಕೆಂಪೇ ಎಂದು ಒಬ್ಬ ಒಪ್ಪಿಬಿಟ್ಟರೆ ಮತ್ತೊಬ್ಬ ಬಿಳಿ ಶಂಖದ ಬಣ್ಣವನ್ನು ಎದುರಿಗಿಡುತ್ತಾನೆ. ಅದೂ ಬಣ್ಣವೇ, ಕೆಂಪಲ್ಲ, ವಾದ ಮುಗಿಯಿತು.

ಗಣಿತಜ್ಞರು ಪರಸ್ಪರರ ಪ್ರಬಂಧ ಓದುವುದು ಹೆಚ್ಚುಕಡಿಮೆ ಇದೇ ರೀತಿ. ಪ್ರತಿ ಸಾಲಿನ ಎದುರೂ ಈ ಕಾರಣ ಸಿದ್ಧವಾಗಿದೆಯೇ, ಇದರಿಂದ ಮುಂದಿನ ಸಾಲು ಹೊರಡುತ್ತದೆಯೇ ಎಂಬ ಎರಡು ಪ್ರಶ್ನೆ ನಿಂತಿರುತ್ತವೆ. ಪೆರೋನ್ ಹಿಡಿದದ್ದು ಎರಡನೆಯದರ ತಪ್ಪನ್ನು. ದಿಙ್ನಾಗ, ಧರ್ಮಕೀರ್ತಿಯರ ಕಾಲದಿಂದ ಬಂದ ಬೌದ್ಧ ತರ್ಕಕ್ಕೆ ಜ್ಞಾನ, ಮುಕ್ತಿಗಳ ಗುರಿ ಇದೆ. ಗಣಿತಕ್ಕೆ ಅಂಥ ಗುರಿ ಇಲ್ಲ. ಮೊದಲು ಒಪ್ಪಿಕೊಂಡದ್ದೇನು ಎಂಬುದನ್ನು ಅದು ಬರೆದಿಟ್ಟುಕೊಂಡು ಹೊರಡುತ್ತದೆ, ಅಷ್ಟೆ.

ಉತ್ತರ ಸಾಧಿಸುವುದಕ್ಕೆ ಮೊದಲು ಪ್ರಶ್ನೆ ಸಿಗಬೇಕು. ಅದು ಎಲ್ಲಿಂದಾದರೂ ಬರಬಹುದು. ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ ಸಿ. ಆರ್. ರಾವ್ ಅವರಿಗೆ ಅದು ಬಂದದ್ದು ಪಾಠದ ಕೋಣೆಯಲ್ಲಿ. 1944ರಲ್ಲಿ ಅವರು ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಎ. ವಿದ್ಯಾರ್ಥಿಗಳಿಗೆ ಅಂದಾಜಿನ ಸಿದ್ಧಾಂತ ಕಲಿಸುತ್ತಿದ್ದರು. ಮಾದರಿ ಬಹಳ ದೊಡ್ಡದಾದಾಗ ಅಂದಾಜಿನ ನಿಖರತೆಗೆ ಒಂದು ಮಿತಿ ಇದೆ ಎಂಬ ಆರ್. ಎ. ಫಿಶರ್‌ನ ಫಲಿತಾಂಶವನ್ನು ವಿವರಿಸಿದಾಗ, ವಿದ್ಯಾರ್ಥಿಯೊಬ್ಬ ಎದ್ದು ಚಿಕ್ಕ ಮಾದರಿಗೆ ಅಂಥದ್ದೇ ಮಿತಿ ಯಾಕೆ ಸಾಧಿಸಬಾರದು ಎಂದು ಕೇಳಿದ. ಆ ವಿದ್ಯಾರ್ಥಿ ಮುಂದೆ ಅರ್ಥಶಾಸ್ತ್ರಜ್ಞನಾಗಿ ಹೆಸರಾದ ವಿ. ಎಂ. ದಾಂಡೇಕರ್. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಅದನ್ನು ಸಾಧಿಸಿ ಮರುದಿನ ತರಗತಿಯಲ್ಲಿ ತೋರಿಸಿದರು. 1945ರಲ್ಲಿ ಅದು ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಮೇರ್ ಸ್ವತಂತ್ರವಾಗಿ ಅದೇ ಫಲಿತಾಂಶ ಕಂಡುಕೊಂಡಿದ್ದರಿಂದ ಅದಕ್ಕೆ ಕ್ರಮೇರ್-ರಾವ್ ಮಿತಿ ಎಂಬ ಹೆಸರು ನಿಂತಿದೆ. ಈ ಕೆಲಸವೂ ಸೇರಿದಂತೆ ಅವರ ಸಾಧನೆಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಆ ಮಿತಿ ಏನು ಹೇಳುತ್ತದೆ ಎಂಬುದಕ್ಕೆ ಜೋಯಿಡಾ, ದಾಂಡೇಲಿಯ ಕಾಡು ನೋಡಬಹುದು. 2015ರ ಕೊನೆಯಲ್ಲಿ ಕಾಳಿ ಎಂದು ಹೆಸರು ಬದಲಾದ ಇಲ್ಲಿನ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸುವಂತಿಲ್ಲ. ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಯ ವಿನ್ಯಾಸದಿಂದ ಪ್ರತಿ ಹುಲಿಯನ್ನು ಗುರುತಿಸಿ, ಕಂಡದ್ದರಿಂದ ಕಾಣದ್ದನ್ನು ಅಂದಾಜು ಮಾಡುವ ವಿಧಾನವನ್ನು ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಢಿಗೆ ತಂದರು. ಅದರ ಅತಿ ಸರಳ ರೂಪವನ್ನು ಕಲ್ಪಿತ ಅಂಕಿಗಳಿಂದ ಹೀಗೆ ಹೇಳಬಹುದು. ಮೊದಲ ಸುತ್ತಿನಲ್ಲಿ 12 ಹುಲಿ ಸಿಕ್ಕವು. ಎರಡನೇ ಸುತ್ತಿನಲ್ಲಿ 10 ಸಿಕ್ಕವು, ಅವುಗಳಲ್ಲಿ 6 ಮೊದಲೇ ಕಂಡವು. ಎರಡನೇ ಸುತ್ತಿನ 10ರಲ್ಲಿ 6 ಹಳೆಯವಾದರೆ, ಕಾಡಿನ ಒಟ್ಟು ಹುಲಿಗಳಲ್ಲೂ ಮೊದಲ 12ರ ಪಾಲು ಅಷ್ಟೇ ಇರಬೇಕು, ಒಟ್ಟು 20. ಹಳೆಯವು 6ರ ಬದಲು 5 ಸಿಕ್ಕಿದ್ದರೆ ಉತ್ತರ 24 ಆಗುತ್ತಿತ್ತು, 7 ಸಿಕ್ಕಿದ್ದರೆ 17.

ಒಂದು ಫೋಟೋ ಹೆಚ್ಚುಕಡಿಮೆಯಾದರೆ ಉತ್ತರ ಇಷ್ಟು ಜಿಗಿಯುತ್ತದೆ ಎಂದಾದಾಗ, ಲೆಕ್ಕ ಮಾಡುವವರು 20 ಎಂದು ಬರೆದು ಏಳಬಹುದು, ಗಣಿತಜ್ಞರಿಗೆ ಏಳಲಾಗದು. ಎರಡು ಸುತ್ತಿನ ನಡುವೆ ಹುಲಿ ಸತ್ತಿದ್ದರೆ, ವಲಸೆ ಹೋಗಿದ್ದರೆ? ಕೆಲವು ಹುಲಿಗಳು ಕ್ಯಾಮೆರಾ ದಾರಿಗೆ ಬರುವುದೇ ಕಡಿಮೆಯಾದರೆ? ಇವು ಷರತ್ತಿನ ಪ್ರಶ್ನೆಗಳು. ಷರತ್ತೆಲ್ಲ ಸರಿಯಿದ್ದರೂ ಇಷ್ಟು ಮಾಹಿತಿಯಿಂದ ಗರಿಷ್ಠ ಎಷ್ಟು ನಿಖರ ಅಂದಾಜು ಸಾಧ್ಯ ಎಂಬುದು ಇನ್ನೊಂದು ಪ್ರಶ್ನೆ. ಕ್ರಮೇರ್-ರಾವ್ ಉತ್ತರಿಸುವುದು ಈ ಎರಡನೆಯದಕ್ಕೆ: ಒಂದೇ ಕಡೆಗೆ ವಾಲದ ಅಂದಾಜು ವಿಧಾನ ಎಷ್ಟೇ ಜಾಣತನದ್ದಾದರೂ, ಅದರ ಏರಿಳಿತ ಮಾಹಿತಿಯೇ ನಿರ್ಧರಿಸುವ ಒಂದು ಗೆರೆಗಿಂತ ಕೆಳಗೆ ಇಳಿಯುವುದಿಲ್ಲ. ಗೆರೆ ಮುಟ್ಟಿದ ಮೇಲೆ ಹೊಸ ಸೂತ್ರ ಹುಡುಕುವುದು ವ್ಯರ್ಥ. ಇನ್ನಷ್ಟು ಕ್ಯಾಮೆರಾ ಇಡುವುದೇ ದಾರಿ.

ದಾಂಡೇಲಿ, ಹಳಿಯಾಳದ ಕಡೆಯ ಓದುವ ಹುಡುಗ ಹುಡುಗಿಯರಿಗೆ ವಿಶ್ವವಿದ್ಯಾಲಯವೆಂದರೆ ಧಾರವಾಡ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಗ್ರಾಫ್ ಸಿದ್ಧಾಂತದ ಒಂದು ಪರಂಪರೆಯೇ ಬೆಳೆಯಿತು. ಬಿಂದುಗಳು, ಅವುಗಳಲ್ಲಿ ಕೆಲವನ್ನು ಜೋಡಿಸುವ ಗೆರೆಗಳು ಇವಿಷ್ಟೇ ಗ್ರಾಫ್. ಬಿಂದು ಊರಾಗಬಹುದು, ಗೆರೆ ರಸ್ತೆಯಾಗಬಹುದು; ಬಿಂದು ಮನುಷ್ಯರಾಗಿ ಗೆರೆ ಪರಿಚಯವಾಗಬಹುದು. 1979ರಲ್ಲಿ ಧಾರವಾಡದ ಇ. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಗಣಿತಜ್ಞರ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಹಿನ್ನೆಲೆ ಚದುರಂಗದ್ದು. ಹಲಗೆಯ 64 ಮನೆಗಳಲ್ಲಿ ಪ್ರತಿಯೊಂದೂ ಒಂದಲ್ಲ ಒಂದು ರಾಣಿಯ ಹಿಡಿತದಲ್ಲಿರಬೇಕಾದರೆ ಕನಿಷ್ಠ ಎಷ್ಟು ರಾಣಿ ಬೇಕು ಎಂಬುದು ಹತ್ತೊಂಬತ್ತನೇ ಶತಮಾನದವರ ಒಗಟು. ಉತ್ತರ 5. ಫ್ರಾನ್ಸಿನ ಕ್ಲಾಡ್ ಬರ್ಜ್ 1958ರಲ್ಲಿ, ನಾರ್ವೆಯ ಆಯ್‌ಸ್ಟೈನ್ ಓರೆ 1962ರಲ್ಲಿ ಇದನ್ನು ಎಲ್ಲ ಗ್ರಾಫ್‌ಗಳಿಗೂ ಹಿಗ್ಗಿಸಿದರು: ಕೆಲವು ಬಿಂದುಗಳನ್ನು ಆರಿಸಬೇಕು, ಆರಿಸದೆ ಉಳಿದ ಪ್ರತಿ ಬಿಂದುವಿಗೂ ಆರಿಸಿದ ಒಂದಾದರೂ ನೆರೆಯಲ್ಲಿರಬೇಕು, ಆರಿಸಿದವುಗಳ ಸಂಖ್ಯೆ ಆದಷ್ಟು ಕಡಿಮೆ ಇರಬೇಕು. ಜೋಯಿಡಾದಂಥ ತಾಲ್ಲೂಕಿಗೆ ಇದು ಒಗಟಲ್ಲ, ಆಡಳಿತದ ನಿತ್ಯದ ತಲೆನೋವು. ಕಾಡಿನ ನಡುವೆ ಚದುರಿದ ಮಜರೆಗಳು. ಎಲ್ಲ ಕಡೆ ಆರೋಗ್ಯ ಉಪಕೇಂದ್ರ ತೆರೆಯಲಾಗದು. ಪ್ರತಿ ಮಜರೆಗೂ ತನ್ನಲ್ಲೋ ಪಕ್ಕದಲ್ಲೋ ಒಂದು ಇದ್ದರೆ ಸಾಕು. ಒಂದೇ ದಾರಿಯ ಮೇಲೆ ಸಾಲಾಗಿ 9 ಮಜರೆ ಇದ್ದರೆ 2, 5, 8ನೆಯವು ಸಾಕು. ಮೂರು ಕೇಂದ್ರ.

ಧಾರವಾಡದ ಇಬ್ಬರು ಇದಕ್ಕೆ ಸೇರಿಸಿದ್ದು ಒಂದೇ ಷರತ್ತು: ಆರಿಸಿದ ಬಿಂದುಗಳು ತಮ್ಮತಮ್ಮೊಳಗೇ ಜೋಡಣೆಯಾಗಿರಬೇಕು. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸುದ್ದಿಯೋ ಔಷಧವೋ ಹೋಗುವಾಗ ನಡುವೆ ಬರುವುದೆಲ್ಲ ಕೇಂದ್ರಗಳೇ ಆಗಿರಬೇಕು. ಮಾತು ಸಣ್ಣದು, ಪರಿಣಾಮ ಸಣ್ಣದಲ್ಲ. ಅದೇ 9 ಮಜರೆಗಳ ಸಾಲಿಗೆ ಈಗ 3 ಸಾಲದು, 7 ಬೇಕು. ಎರಡು ತುದಿಗಳನ್ನು ಮಾತ್ರ ಬಿಡಬಹುದು.

ದಾರಿಗಳು ಕವಲೊಡೆಯುತ್ತ ಹೋಗಿ ಎಲ್ಲೂ ಸುತ್ತಿ ಕೂಡಿಕೊಳ್ಳದ ಗ್ರಾಫಿಗೆ ಮರ ಎನ್ನುತ್ತಾರೆ. ಮೂರು ಅಥವಾ ಹೆಚ್ಚು ಬಿಂದುಗಳ ಯಾವ ಮರವಾದರೂ ಸರಿ, ಬೇಕಾದ ಕನಿಷ್ಠ ಕೇಂದ್ರಗಳೆಂದರೆ ಒಟ್ಟು ಬಿಂದುಗಳಲ್ಲಿ ತುದಿಯವನ್ನು ಕಳೆದು ಉಳಿದಷ್ಟು. ಇದರ ಸಾಧನೆಯನ್ನು ಪೆನ್ನು ಹಿಡಿಯದೆ ಹೇಳಬಹುದು. ತುದಿಯಲ್ಲದ ಒಂದು ಮಜರೆಯಲ್ಲಿ ಕೇಂದ್ರ ಇಲ್ಲ ಎಂದುಕೊಳ್ಳಬೇಕು. ಆ ಮಜರೆಯನ್ನು ತೆಗೆದರೆ ಮರ ಎರಡೋ ಹೆಚ್ಚೋ ತುಂಡಾಗುತ್ತದೆ. ಕೇಂದ್ರಗಳು ತಮ್ಮೊಳಗೇ ಜೋಡಣೆಯಾಗಿರಬೇಕಾದ್ದರಿಂದ ಎಲ್ಲವೂ ಒಂದೇ ತುಂಡಿನಲ್ಲಿರಬೇಕು. ಆಗ ಇನ್ನೊಂದು ತುಂಡಿನ ಮಜರೆಗೆ ಕೇಂದ್ರ ನೆರೆಯಲ್ಲಿರುವುದು ಸಾಧ್ಯವಿಲ್ಲ, ಯಾಕೆಂದರೆ ಅದರ ನೆರೆಯವೆಲ್ಲ ಅದೇ ತುಂಡಿನವು ಇಲ್ಲವೇ ಆ ತೆಗೆದ ಮಜರೆ. ಹಾಗಾಗಿ ತುದಿಯಲ್ಲದ ಒಂದನ್ನೂ ಬಿಡುವಂತಿಲ್ಲ. ತುದಿಗಳನ್ನು ಬಿಡಬಹುದು, ಅವಕ್ಕೆ ಪಕ್ಕದಲ್ಲೇ ಕೇಂದ್ರವಿದೆ. ಇಷ್ಟೇ. ಒಂಬತ್ತಕ್ಕೆ ಸರಿ, ಒಂಬತ್ತು ಸಾವಿರಕ್ಕೂ ಸರಿ. 40ಕ್ಕೆ ಬಿದ್ದ ಆಯ್ಲರ್‌ನ ನಿಯಮದಂತೆ ಇದು ಎಂದೂ ಬೀಳುವುದಿಲ್ಲ.

1979ರಲ್ಲಿ ಇದರಿಂದ ಏನು ಉಪಯೋಗ ಎಂದು ಕೇಳಿದ್ದರೆ ಧಾರವಾಡದಲ್ಲಿ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ. ಎರಡು ದಶಕದ ನಂತರ, ಟವರ್ ಇಲ್ಲದೆ ತಮ್ಮತಮ್ಮಲ್ಲೇ ಸಂದೇಶ ದಾಟಿಸುವ ನಿಸ್ತಂತು ಸಾಧನಗಳ ಜಾಲ ಬಂತು. ಅವುಗಳಲ್ಲಿ ಕೆಲವೇ ಸಾಧನಗಳು ಎಲ್ಲರ ಸಂದೇಶವನ್ನೂ ಹೊರಬೇಕು, ಅವು ತಮ್ಮೊಳಗೆ ಸಂಪರ್ಕದಲ್ಲಿರಬೇಕು. ಅದಕ್ಕೆ ಬೇಕಾದದ್ದು ಇದೇ ಕಲ್ಪನೆ. ಮರವಲ್ಲದ, ಸುತ್ತುದಾರಿಗಳಿರುವ ದೊಡ್ಡ ಗ್ರಾಫ್‌ಗಳಲ್ಲಿ ಕನಿಷ್ಠವನ್ನು ಬೇಗ ಕಂಡುಹಿಡಿಯುವ ವಿಧಾನ ಯಾರಿಗೂ ಗೊತ್ತಿಲ್ಲ. ಕನಿಷ್ಠಕ್ಕೆ ಹತ್ತಿರದ ಉತ್ತರ ಕೊಡುವ ವಿಧಾನಗಳನ್ನು ಸುದೀಪ್ತೊ ಗುಹಾ ಮತ್ತು ಸಮೀರ್ ಖುಲ್ಲರ್ 1998ರಲ್ಲಿ ಕೊಟ್ಟರು.

ಹತ್ತಿರ ಎಂದರೆ ಎಷ್ಟು ಹತ್ತಿರ ಹೋಗಬಹುದು ಎಂಬುದು ಮತ್ತೊಂದು ದೊಡ್ಡ ಪ್ರಶ್ನೆ. ಬೆಳಗಾವಿ ಗಡಿಯಾಚೆಯ ನೇಕಾರರ ಊರು ಇಚಲಕರಂಜಿಯ ಸುಭಾಷ್ ಖೋತ್ 2002ರಲ್ಲಿ ಆ ಬಗೆಯ ಪ್ರಶ್ನೆಗಳ ಬಗ್ಗೆ ಒಂದು ಊಹೆ ಮುಂದಿಟ್ಟರು. ಅದು ನಿಜವಾದರೆ ಅನೇಕ ಸಮಸ್ಯೆಗಳಲ್ಲಿ ಈಗ ತಿಳಿದಿರುವ ಅಂದಾಜು ವಿಧಾನಗಳೇ ಅತ್ಯುತ್ತಮ, ಅದಕ್ಕಿಂತ ಹತ್ತಿರ ಬೇಗ ಹೋಗಲಾಗದು. ಆ ಊಹೆಯನ್ನು ಮುಂದಿಟ್ಟು ಅದರಿಂದ ಏನೇನು ಹೊರಡುತ್ತದೆ ಎಂದು ತೋರಿಸಿದ್ದಕ್ಕೆ 2014ರಲ್ಲಿ ಅವರಿಗೆ ನೆವನ್ಲಿನ್ನಾ ಪ್ರಶಸ್ತಿ ಬಂತು. ಊಹೆಯನ್ನು ಇನ್ನೂ ಯಾರೂ ಸಾಧಿಸಿಲ್ಲ. ಸರಿಯಾದ ಪ್ರಶ್ನೆಗೇ ಪ್ರಶಸ್ತಿ ಬರುವ ವಿದ್ಯೆಗಳು ಹೆಚ್ಚಿಲ್ಲ.

ಸಾಧನೆ ಆಯಿತು ಎಂದುಕೊಂಡದ್ದು ಕುಸಿಯುವುದೂ ಈ ಕಸುಬಿನ ಭಾಗ. ಯಾವ ನಕಾಶೆಗಾದರೂ ನೆರೆಯ ಪ್ರದೇಶಗಳಿಗೆ ಬೇರೆಬೇರೆ ಬಣ್ಣ ಬಳಿಯಲು ನಾಲ್ಕು ಬಣ್ಣ ಸಾಕು ಎಂದು 1879ರಲ್ಲಿ ಲಂಡನ್ನಿನ ವಕೀಲ ಆಲ್ಫ್ರೆಡ್ ಕೆಂಪ್ ಸಾಧಿಸಿದ್ದನ್ನು ಎಲ್ಲರೂ ಒಪ್ಪಿದರು. ಹನ್ನೊಂದು ವರ್ಷದ ಮೇಲೆ ಪರ್ಸಿ ಹೀವುಡ್ ಅದರಲ್ಲಿ ತೂತು ಹಿಡಿದ. 1976ರಲ್ಲಿ ಕೆನೆತ್ ಅಪೆಲ್ ಮತ್ತು ವೋಲ್ಫ್‌ಗಾಂಗ್ ಹಾಕೆನ್ ಕಂಪ್ಯೂಟರಿನ ನೆರವಿನಿಂದ ಅದನ್ನು ಸಾಧಿಸಿದಾಗ, ಮನುಷ್ಯರು ಕೂತು ಓದಿ ಮುಗಿಸಲಾಗದ್ದನ್ನು ಸಾಧನೆ ಎನ್ನಬಹುದೇ ಎಂದು ಜಗಳ ಎದ್ದಿತು. 2005ರಲ್ಲಿ ಜಾರ್ಜ್ ಗೊಂತಿಯೆ, ಪ್ರತಿ ಹೆಜ್ಜೆಯ ತರ್ಕವನ್ನೂ ಕಂಪ್ಯೂಟರೇ ಪರೀಕ್ಷಿಸುವಂತೆ ಬರೆದು ಆ ಸಂಶಯ ಬಹುಮಟ್ಟಿಗೆ ಇಳಿಸಿದ.

ಇನ್ನು ಹೊಟ್ಟೆಪಾಡಿನ ಮಾತು. ಪ್ರಮೇಯಕ್ಕೆ ಸಂಬಳವಿಲ್ಲ; ಗಣಿತಜ್ಞರಲ್ಲಿ ಬಹುಪಾಲು ಜನ ಬದುಕುವುದು ಪಾಠ ಹೇಳಿ. ಮುಂಡಗೋಡ, ಹಳಿಯಾಳದಲ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳನ್ನು ಮನೆಯವರೂ ಮೇಷ್ಟ್ರುಗಳೂ ಪಿಯುಸಿ ಮುಗಿಯುತ್ತಲೇ ಎಂಜಿನಿಯರಿಂಗ್ ಕಡೆ ತಿರುಗಿಸುತ್ತಾರೆ, ಹಳಿಯಾಳದಲ್ಲೇ ಕಾಲೇಜೂ ಇದೆ. ಗಣಿತವನ್ನೇ ಹಿಡಿಯುವವರಿಗೆ ದಾರಿಗಳು ಗೊತ್ತಿರುವುದು ಕಡಿಮೆ. ಬಿ.ಎಸ್ಸಿ. ಮುಗಿಸಿ ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವುದು ಹಳೆಯ ದಾರಿ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆ ಪಿಯುಸಿ ಮುಗಿಸಿದವರನ್ನು ತನ್ನದೇ ಪ್ರವೇಶ ಪರೀಕ್ಷೆಯ ಮೂಲಕ ಬಿ.ಮ್ಯಾಥ್ ಪದವಿಗೆ ತೆಗೆದುಕೊಳ್ಳುತ್ತದೆ. ಪದವಿಯಲ್ಲಿರುವವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರವಿದೆ. ಅಲ್ಲಿ ನೋಟ್ಸ್ ಬರೆಸುವುದಿಲ್ಲ, ವಿದ್ಯಾರ್ಥಿಯನ್ನೇ ಪ್ರಶ್ನಿಸಿ ಪ್ರಶ್ನಿಸಿ ಸಾಧನೆಯವರೆಗೆ ನಡೆಸುತ್ತಾರೆ. ಅಣುಶಕ್ತಿ ಇಲಾಖೆಯಡಿಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಸ್ನಾತಕೋತ್ತರ ಓದಿಗೂ ಸಂಶೋಧನೆಗೂ ವಿದ್ಯಾರ್ಥಿವೇತನ ಕೊಡುತ್ತದೆ. ಪಿಎಚ್.ಡಿ. ಎಂದರೆ ಇನ್ನೂ ನಾಲ್ಕೈದು ವರ್ಷ, ಅದರಲ್ಲಿ ಹೆಚ್ಚಿನ ದಿನಗಳು ಏನೂ ಕೈಗೂಡದೆ ಕಳೆಯುವಂಥವು. ಪ್ರಬಂಧ ಕಳಿಸಿದ ಮೇಲೆ ಪರಿಶೀಲಕರ ಉತ್ತರಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಕಾಯಬೇಕು.

ಆದರೆ ಈ ಕಸುಬಿನ ಮೊದಲ ತುಣುಕು ಎಸ್ಸೆಸ್ಸೆಲ್ಸಿ ಪುಸ್ತಕದಲ್ಲೇ ಇದೆ. 5ರ ವರ್ಗಮೂಲ ಅಭಾಗಲಬ್ಧ ಎಂದು ಸಾಧಿಸಿ ಎಂಬ ಪ್ರಶ್ನೆ ಪರೀಕ್ಷೆಗೆ ಬರುತ್ತದೆಂದು ಮಕ್ಕಳು ಉತ್ತರವನ್ನು ಬಾಯಿಪಾಠ ಮಾಡುತ್ತಾರೆ. ಆ ವರ್ಗಮೂಲ ಎರಡು ಪೂರ್ಣಸಂಖ್ಯೆಗಳ, ಸಂಕ್ಷೇಪಿಸಲಾಗದ ಭಿನ್ನರಾಶಿ ಎಂದುಕೊಂಡರೆ, ಅಂಶದ ವರ್ಗ ಛೇದದ ವರ್ಗದ ಐದರಷ್ಟಾಗುತ್ತದೆ; ಆದ್ದರಿಂದ 5 ಅಂಶದ ವರ್ಗವನ್ನು ಭಾಗಿಸುತ್ತದೆ; ಆದ್ದರಿಂದ ಅಂಶವನ್ನೂ ಭಾಗಿಸುತ್ತದೆ; ಹಾಗೆಯೇ ಛೇದವನ್ನೂ; ಇದು ವಿರೋಧಾಭಾಸ. ಪೂರ್ಣ ಅಂಕ. ಇದೇ ಉತ್ತರದಲ್ಲಿ 5 ಇದ್ದಲ್ಲೆಲ್ಲ 4 ಬರೆದರೆ 4ರ ವರ್ಗಮೂಲವೂ ಅಭಾಗಲಬ್ಧವಾಗಬೇಕಲ್ಲ, ಆದರೆ ಅದು 2, ಹಾಗಾದರೆ ಯಾವ ಸಾಲು ಮುರಿಯಿತು ಎಂದು ಕೇಳಿದರೆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ. ಮುರಿಯುವುದು ನಡುವಿನ ಸಾಲು. 5 ಅವಿಭಾಜ್ಯವಾದ್ದರಿಂದ ವರ್ಗವನ್ನು ಭಾಗಿಸಿದರೆ ಮೂಲ ಸಂಖ್ಯೆಯನ್ನೂ ಭಾಗಿಸಲೇಬೇಕು. 4ಕ್ಕೆ ಆ ಕಟ್ಟುಪಾಡಿಲ್ಲ: 36ನ್ನು ಅದು ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ.